ಕೆಲಸಕ್ಕೆ ಸೈಕಲ್‌ನಲ್ಲಿ ಹೋಗಬೇಕಾ? ಮೊದಲು ದಾರಿ ಹುಡುಕಿ

ಬೆಂಗಳೂರಿನಲ್ಲಿ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತೇನೆ ಅಂದ ತಕ್ಷಣ ಜನ ಕೇಳುವುದು ಎರಡೇ. ‘ಭಯ ಆಗಲ್ವಾ?’ ಅಂತ ಒಂದು, ‘ಯಾವ ಸೈಕಲ್ಲು, ಎಷ್ಟಾಯ್ತು?’ ಅಂತ ಇನ್ನೊಂದು. ಯಾವ ದಾರಿಯಲ್ಲಿ ಹೋಗ್ತೀರಿ ಅಂತ ಕೇಳಿದವರು ಕಡಿಮೆ. ನಾನು 6 ವರ್ಷದಿಂದ ಪದ್ಮನಾಭನಗರದಿಂದ ರಿಚ್ಮಂಡ್ ಟೌನಿಗೆ, ಹೆಚ್ಚುಕಡಿಮೆ 9 ಕಿಲೋಮೀಟರ್, ವಾರಕ್ಕೆ ನಾಲ್ಕು ದಿನ ತುಳಿಯುತ್ತಿದ್ದೇನೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯ ದಾರಿಯೇ. ಸುಮಾರಾದ ಸೈಕಲ್ಲಿನಲ್ಲೂ ಒಳ್ಳೆಯ ದಾರಿ ಹಿಡಿದು ಆರಾಮಾಗಿ ಹೋಗಿಬರಬಹುದು. ದಾರಿ ಕೆಟ್ಟದ್ದಾದರೆ ಐವತ್ತು ಸಾವಿರದ ಸೈಕಲ್ಲೂ ಮೂರನೇ ವಾರಕ್ಕೆ ಬಾಲ್ಕನಿಯಲ್ಲಿ ಧೂಳು ಹಿಡಿಯುತ್ತದೆ.

ಅದಕ್ಕೇ ಅಂಗಡಿಗೆ ಹೋಗುವ ಮೊದಲು ದಾರಿಯ ಕೆಲಸ ಮುಗಿಸಿಕೊಳ್ಳಿ.

ದಾರಿ

ಬೈಕ್‌ನಲ್ಲೋ ಬಸ್ಸಿನಲ್ಲೋ ಹೋಗುವ ದಾರಿಯನ್ನು ಮರೆತುಬಿಡಿ. ನಿಮಗೆ ಬೇಕಿರುವುದು ಅದರ ಪಕ್ಕದಲ್ಲೇ ಎರಡು ಮೂರು ರಸ್ತೆ ಒಳಗೆ ಇರುತ್ತದೆ. ಜಯನಗರ, ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಇದು ಸುಲಭ. ಮೇನು, ಕ್ರಾಸು ಅಂತ ಗೆರೆ ಎಳೆದ ಹಾಗೆ ರಸ್ತೆಗಳಿವೆ, ಒಂದು ಮೇನ್ ಬಿಟ್ಟರೆ ಇನ್ನೊಂದು ಮೇನ್ ಅದೇ ದಿಕ್ಕಿಗೆ ಕರೆದುಕೊಂಡು ಹೋಗುತ್ತದೆ. ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆ ಕಡೆಯವರಿಗೆ ಕಷ್ಟ ಜಾಸ್ತಿ. ಅಲ್ಲಿ ಹಳ್ಳಿಗಳು ಹಾಗೇ ಬೆಳೆದು ಒಂದಕ್ಕೊಂದು ಕೂಡಿಕೊಂಡಿವೆ, ಒಳರಸ್ತೆ ಅಂತ ಹೊಕ್ಕರೆ ಅಪಾರ್ಟ್‌ಮೆಂಟಿನ ಗೋಡೆಗೋ ರಾಜಕಾಲುವೆಗೋ ಬಂದು ನಿಲ್ಲುತ್ತೀರಿ. ಅಂಥ ಕಡೆ ಮೊಬೈಲಿನ ನಕ್ಷೆಗಿಂತ ಹಾಲು, ಪೇಪರ್ ಹಾಕುವವರು ಚೆನ್ನಾಗಿ ದಾರಿ ಹೇಳುತ್ತಾರೆ. ಬೆಳಿಗ್ಗೆ ನಿಲ್ಲಿಸಿ ಕೇಳಿ.

ನಾನು ಕನಕಪುರ ರಸ್ತೆಯನ್ನೂ ಸೌತ್ ಎಂಡ್ ಸರ್ಕಲನ್ನೂ ಬಿಟ್ಟು ಜಯನಗರದ ಒಳರಸ್ತೆಗಳಲ್ಲಿ ಅಶೋಕ ಪಿಲ್ಲರ್ ಹತ್ತಿರ ಬರುತ್ತೇನೆ. ಅಲ್ಲಿಂದ ಸಿದ್ದಾಪುರ, ವಿಲ್ಸನ್ ಗಾರ್ಡನ್ ಕ್ರಾಸುಗಳು, ಶಾಂತಿನಗರ. ನೇರ ದಾರಿಗಿಂತ ಒಂದೂವರೆ ಕಿಲೋಮೀಟರ್ ಜಾಸ್ತಿ ಆಗುತ್ತದೆ. ಆದರೆ ದೊಡ್ಡ ರಸ್ತೆ ಸಿಗುವುದು ಅಡ್ಡ ದಾಟುವಾಗ ಮಾತ್ರ, ಅದೂ ಸಿಗ್ನಲ್ ಇರುವ ಕಡೆ. ಮರದ ನೆರಳು ಬೇರೆ ಇದೆ. ಸಮಯ ಸುಮಾರು 40 ನಿಮಿಷ. ಟ್ರಾಫಿಕ್ ಕಟ್ಟಿಕೊಂಡ ದಿನವೂ ಅಷ್ಟೇ, ಖಾಲಿ ಇದ್ದ ದಿನವೂ ಅಷ್ಟೇ. ಇಷ್ಟು ಹೊತ್ತಿಗೆ ತಲುಪುತ್ತೇನೆ ಅಂತ ಈ ಊರಿನಲ್ಲಿ ಧೈರ್ಯವಾಗಿ ಹೇಳಲಿಕ್ಕೆ ಸಾಧ್ಯವಾಗಿದ್ದು ನನಗೆ ಸೈಕಲ್ಲಿನಿಂದಲೇ.

ಇನ್ನು ಏರು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಆದರೆ ಮೇಲೆ ಸಪಾಟಾಗಿಲ್ಲ. ಬಿದ್ದ ಮಳೆನೀರು ಒಂದು ಪಾಲು ಹೆಬ್ಬಾಳದ ಕಡೆಗೆ, ಒಂದು ಪಾಲು ಕೋರಮಂಗಲ, ಚಲ್ಲಘಟ್ಟದ ಕಡೆಗೆ, ಇನ್ನೊಂದು ವೃಷಭಾವತಿಯ ಕಡೆಗೆ ಇಳಿಯುತ್ತದೆ. ಬೈಕಿನಲ್ಲಿ ಹೋಗುವಾಗ ಗೊತ್ತೇ ಆಗದ ಈ ಏರಿಳಿತ ಸೈಕಲ್ ಹತ್ತಿದರೆ ಮೊದಲ ದಿನವೇ ತೊಡೆಗೆ ಗೊತ್ತಾಗುತ್ತದೆ. ಇದಕ್ಕೆ ನಾನು ಹಿಡಿದಿರುವ ಗುರುತು ಹಳೆಯ ಕೆರೆಗಳು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ ಇದ್ದ ಜಾಗ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ, ಶಾಂತಿನಗರದ ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ. ಕೆರೆ ಇದ್ದ ಕಡೆಗೆ ಇಳಿಜಾರು, ಅಲ್ಲಿಂದ ಹೊರಟರೆ ಏರು. ಮಳೆ ಬಂದರೆ ನೀರು ಮೊದಲು ನಿಲ್ಲುವುದೂ ಅಲ್ಲೇ. ನನ್ನ ದಾರಿಯ ಕೊನೆಯ ಏರು ಹಾಕಿ ಸ್ಟೇಡಿಯಂ ದಾಟಿದ ಮೇಲೆ ಬರುತ್ತದೆ. ನಿಮ್ಮ ದಾರಿಯಲ್ಲಿ ಯಾವ ಕೆರೆ ಇತ್ತು ಅಂತ ಬಡಾವಣೆಯ ಹಿರಿಯರನ್ನು ಕೇಳಿ ನೋಡಿ.

ದಾರಿ ಹುಡುಕಲು ಭಾನುವಾರ ಬೆಳಿಗ್ಗೆ ಹೊರಡಿ. ಆಮೇಲೆ ಅದೇ ದಾರಿಯನ್ನು ಕೆಲಸದ ದಿನವೂ, ಕೆಲಸದ ಹೊತ್ತಿಗೇ ಒಮ್ಮೆ ನೋಡಲೇಬೇಕು. ಭಾನುವಾರ ಹಕ್ಕಿ ಕೂಗು ಕೇಳುವ ರಸ್ತೆಯಲ್ಲಿ ಸೋಮವಾರ ಎಂಟೂವರೆಗೆ ಶಾಲೆಯ ಬಸ್ಸು, ಆಟೊ, ಅಪ್ಪ ಅಮ್ಮಂದಿರ ಸ್ಕೂಟರ್ ಎಲ್ಲ ಸೇರಿ ಕಾಲಿಡಲು ಜಾಗ ಇರುವುದಿಲ್ಲ. ಹಾಗಿದ್ದರೆ ಒಂದು ಕ್ರಾಸ್ ಹಿಂದೆಯೇ ತಿರುಗಿಬಿಡಿ. ಒನ್ ವೇ ಗುರುತುಗಳನ್ನೂ ನೋಡಿಕೊಳ್ಳಿ. ಸೈಕಲ್ ತಾನೇ ಅಂತ ಎದುರಿನಿಂದ ನುಗ್ಗುವುದು ಬೇಡ. ಅಷ್ಟು ದೂರ ಇಳಿದು ತಳ್ಳಿಕೊಂಡು ಹೋಗಿ.

ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ ಅನ್ನುವವರು ಮೊದಲು ಒಂದೆರಡು ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ. ಅವತ್ತು ಒಳಗಿನ ರಸ್ತೆಗಳಿಗೆ ಮೋಟಾರು ವಾಹನ ಬಿಡುವುದಿಲ್ಲ. ಬಲಗೈ ಬಿಟ್ಟು ಸನ್ನೆ ಮಾಡುವುದು, ಸೈಕಲ್ ಓಲಾಡದಂತೆ ಹಿಂದೆ ತಿರುಗಿ ನೋಡುವುದು ಇವೆರಡೂ ಬರುವವರೆಗೆ ಅಲ್ಲೇ ತುಳಿಯಿರಿ.

ಸೈಕಲ್

ದಿನಕ್ಕೆ ಐದಾರು ಕಿಲೋಮೀಟರ್ ಆದರೆ ಗೇರ್ ಇಲ್ಲದ ಸೈಕಲ್ ಸಾಕು. ಅದಕ್ಕಿಂತ ಜಾಸ್ತಿ, ನಡುವೆ ದಿಬ್ಬ ಇದೆ ಅಂದರೆ ಹಿಂದೆ ಆರೇಳು ಗೇರ್ ಇರುವುದನ್ನು ತೆಗೆದುಕೊಳ್ಳಿ. ತೀರಾ ತೆಳು ಟೈರ್ ನಮ್ಮ ಗುಂಡಿಗಳಿಗೆ ಆಗುವುದಿಲ್ಲ. ಅಂಗಡಿಯವರು ತೋರಿಸುವ ಸೈಕಲ್ಲಿಗೆ ಎಷ್ಟೋ ಸಲ ಮಡ್‌ಗಾರ್ಡ್ ಇರುವುದಿಲ್ಲ, ಕ್ಯಾರಿಯರ್ ಇರುವುದಿಲ್ಲ, ಸ್ಟಾಂಡೂ ಇರುವುದಿಲ್ಲ. ಮೂರನ್ನೂ ಹಾಕಿಸಿ. ಬೆಲ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೆಲ್ಮೆಟ್, ಒಂದು ಗಟ್ಟಿ ಬೀಗ. ಚೂಡಿದಾರ್ ಹಾಕುವವರು ಚೈನ್ ಪೂರ್ತಿ ಮುಚ್ಚುವ ಕವರ್ ಇರುವ ಸೈಕಲ್ಲನ್ನೇ ಕೇಳಿ ತೆಗೆದುಕೊಳ್ಳಿ. ನನ್ನ ದುಪಟ್ಟಾ ಒಮ್ಮೆ ಹಿಂದಿನ ಚಕ್ರಕ್ಕೆ ಸಿಕ್ಕಿ ನಡುರಸ್ತೆಯಲ್ಲಿ ಗಕ್ಕನೆ ನಿಂತಿದ್ದೆ. ಹಿಂದೆ ಬರುತ್ತಿದ್ದ ಆಟೊದವರು ಬ್ರೇಕ್ ಹಾಕಿದ್ದರಿಂದ ಉಳಿದೆ. ಅವತ್ತಿನಿಂದ ದುಪಟ್ಟಾ ಬ್ಯಾಗಿನೊಳಗೆ.

ಸೀಟಿನ ಎತ್ತರ ನೋಡಿಕೊಳ್ಳಿ, ಮಂಡಿ ನೋವಿಗೆ ಎಷ್ಟೋ ಸಲ ಇದೇ ಕಾರಣ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗಿನವರೆಗೆ ತಳ್ಳಿದರೆ ಕಾಲು ಪೂರ್ತಿ ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ಸ್ವಲ್ಪ ಮಡಚಿಕೊಂಡಿರುತ್ತದೆ. ಅಷ್ಟಿದ್ದರೆ ಸರಿ. ಗಾಳಿ ಎಷ್ಟು ಹೊಡೆಸಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ನೋಡಿ, ಗಾಳಿ ಕಡಿಮೆ ಇದ್ದರೆ ತುಳಿಯುವುದೂ ಕಷ್ಟ, ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗುವುದೂ ಜಾಸ್ತಿ. ದಾರಿಯಲ್ಲಿ ಪಂಕ್ಚರ್ ಅಂಗಡಿ ಎಲ್ಲೆಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಈಗ ಕೆಲವರು ಬೈಕ್ ಮಾತ್ರ ಮಾಡುತ್ತಾರೆ, ‘ಸೈಕಲ್ ಮಾಡ್ತೀರಾ ಅಣ್ಣಾ?’ ಅಂತ ಮೊದಲೇ ಕೇಳಿಟ್ಟುಕೊಂಡಿರುವುದು ಒಳ್ಳೆಯದು.

ರಸ್ತೆಯಲ್ಲಿ

ಹೊಸಬರು ಭಯಕ್ಕೆ ರಸ್ತೆಯ ತೀರಾ ಅಂಚಿಗೆ ಹೋಗುತ್ತಾರೆ. ಅಪಾಯ ಅಲ್ಲೇ ಜಾಸ್ತಿ. ಜಲ್ಲಿ, ಮುರಿದ ಗಾಜು, ಚರಂಡಿಯ ಜಾಲರಿ ಎಲ್ಲ ಅಲ್ಲಿರುತ್ತವೆ, ಜಾಲರಿಯ ಸಂದು ಉದ್ದಕ್ಕಿದ್ದರೆ ಚಕ್ರ ಒಳಗೆ ಕೂತುಬಿಡುತ್ತದೆ. ನೀವು ಅಂಚಿಗೆ ಹೋದಷ್ಟೂ ಹಿಂದಿನವರು ಅದೇ ಲೇನಿನಲ್ಲಿ ಒತ್ತಿಕೊಂಡು ಮುಂದೆ ಹೋಗಲು ನೋಡುತ್ತಾರೆ. ಅಂಚಿನಿಂದ ಒಂದು ಮೀಟರ್ ಬಿಟ್ಟು, ಗೆರೆ ಎಳೆದ ಹಾಗೆ ನೇರವಾಗಿ ತುಳಿಯಿರಿ. ಹಾರ್ನ್ ಮಾಡುತ್ತಾರೆ. ಮಾಡಲಿ, ಅವರು ನಿಮ್ಮನ್ನು ನೋಡಿದ್ದಾರೆ ಅಂತ ಅರ್ಥ. ಜಾಗ ಸಿಕ್ಕಾಗ ಕೈ ತೋರಿಸಿ ಬಿಟ್ಟುಕೊಡಿ.

ನಿಂತ ಕಾರಿನ ಪಕ್ಕ ಹೋಗುವಾಗ ಅದರ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇರಲಿ. ನಾನು ಬಿದ್ದು ಮಣಿಕಟ್ಟು ಊದಿಸಿಕೊಂಡಿದ್ದು ಹೀಗೇ, ಒಳಗಿದ್ದವರು ಹಿಂದೆ ನೋಡದೆ ಬಾಗಿಲು ತೆಗೆದಾಗ. ಬಿಎಂಟಿಸಿ ಬಸ್ ನಿಮ್ಮನ್ನು ದಾಟಿ ಮುಂದೆ ಬಂತು, ಎದುರಿಗೆ ಸ್ಟಾಪ್ ಕಾಣುತ್ತಿದೆ ಅಂದರೆ ಅದು ಎಡಕ್ಕೆ ಬಂದೇ ಬರುತ್ತದೆ. ತುಳಿಯುವುದು ನಿಲ್ಲಿಸಿ, ಅದರ ಹಿಂದೆ ಇರಿ. ಬಸ್ಸು ಮತ್ತು ಫುಟ್‌ಪಾತಿನ ನಡುವೆ ಜಾಗ ಇದೆ ಅನಿಸಿದರೂ ನುಗ್ಗಲೇಬೇಡಿ, ಅಷ್ಟು ಹತ್ತಿರದಲ್ಲಿ ಎಡಗಡೆ ಇರುವ ಸೈಕಲ್ ಡ್ರೈವರ್ ಕಣ್ಣಿಗೆ ಬೀಳದೇ ಇರಬಹುದು. ಲಾರಿ, ನೀರಿನ ಟ್ಯಾಂಕರ್‌ಗಳಿಗೂ ಇದೇ ಮಾತು.

ದೊಡ್ಡ ವೃತ್ತದಲ್ಲಿ ಬಲಕ್ಕೆ ಹೋಗಬೇಕಿದ್ದರೆ ಮೂರು ಲೇನ್ ದಾಟಿ ಬಲಗಡೆ ಹೋಗಿ ನಿಲ್ಲುವ ಅಗತ್ಯ ಇಲ್ಲ. ಹಸಿರು ಬಂದಾಗ ಎಡಗಡೆಯಿಂದಲೇ ನೇರ ದಾಟಿ, ಆಚೆ ಮೂಲೆಯಲ್ಲಿ ನಿಂತು, ಸೈಕಲ್ಲನ್ನು ಬಲಕ್ಕೆ ತಿರುಗಿಸಿಕೊಂಡು ಆ ರಸ್ತೆಯ ಹಸಿರಿಗೆ ಕಾಯಿರಿ. ಒಂದೆರಡು ನಿಮಿಷ ಜಾಸ್ತಿ ಹೋಗುತ್ತದೆ, ಹೋಗಲಿ ಬಿಡಿ.

ಸೈಕಲ್ ಪಥ ಇಲ್ವಾ ಅಂತ ಕೇಳಬಹುದು. ಜಯನಗರದಲ್ಲಿ ಮಾಡಿದ್ದರು, ಕಾರುಗಳು ಬಂದು ಅದರ ಮೇಲೆ ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಣ್ಣ ಕಂಬ ನೆಟ್ಟು ಬೇರೆ ಪಥ ಬಿಟ್ಟಿದ್ದರು, ಅದೂ ಉಳಿಯಲಿಲ್ಲ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ಬೆಳಿಗ್ಗೆ ನನ್ನ ಜೊತೆ ತುಳಿಯುವವರಲ್ಲಿ ಕಟ್ಟಡ ಕೆಲಸದವರು, ಸೆಕ್ಯುರಿಟಿಯವರು ಎಷ್ಟೋ ಜನ ಇದ್ದಾರೆ. ದೀಪ ಇಲ್ಲ, ಹೆಲ್ಮೆಟ್ ಇಲ್ಲ, ರಾತ್ರಿ ಪಾಳಿ ಮುಗಿಸಿ ದೊಡ್ಡ ರಸ್ತೆಯಲ್ಲೇ ಬರುತ್ತಾರೆ. ಪಥ ಮೊದಲು ಬೇಕಿದ್ದದ್ದು ಅವರಿಗೆ.

ತಲುಪಿದ ಮೇಲೆ

ಬೆವರಿನ ಚಿಂತೆ ಎಲ್ಲರಿಗೂ ಇರುತ್ತದೆ. ಬೆನ್ನಿಗೆ ಬ್ಯಾಗ್ ಹಾಕಬೇಡಿ, ಕ್ಯಾರಿಯರಿಗೆ ಕಟ್ಟಿ. ಇದೊಂದರಿಂದಲೇ ಅರ್ಧ ಬೆವರು ಕಡಿಮೆ. ಕೊನೆಯ ಕಿಲೋಮೀಟರ್ ನಿಧಾನವಾಗಿ ತುಳಿಯಿರಿ. ತಲುಪಿ ಹತ್ತು ನಿಮಿಷ ಫ್ಯಾನ್ ಕೆಳಗೆ ಕೂತು, ಒದ್ದೆ ಟವೆಲಿನಲ್ಲಿ ಒರೆಸಿಕೊಂಡು, ಆಮೇಲೆ ಬಟ್ಟೆ ಬದಲಿಸಿ. ಬಂದ ತಕ್ಷಣ ಬದಲಿಸಿದರೆ ಹೊಸ ಬಟ್ಟೆಯೂ ಒದ್ದೆಯಾಗುತ್ತದೆ.

ಸೈಕಲ್ ನಿಲ್ಲಿಸುವ ಜಾಗದ ಬಗ್ಗೆ ಮೊದಲೇ ಮಾತಾಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ‘ಸೈಕಲ್ಲಿಗೆ ಪಾರ್ಕಿಂಗ್ ಇಲ್ಲ ಮೇಡಂ’ ಅಂತ ಎರಡು ತಿಂಗಳು ಹೊರಗೇ ನಿಲ್ಲಿಸಿದ್ದರು. ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಇನ್ನೂ ಮೂವರು ಸಹಿ ಹಾಕಿದ ಮೇಲೆ ಬೇಸ್‌ಮೆಂಟಿನಲ್ಲಿ ಒಂದು ಮೂಲೆ ಸಿಕ್ಕಿತು. ಬೀಗ ಚಕ್ರಕ್ಕೆ ಮಾತ್ರ ಹಾಕಿದರೆ ಎತ್ತಿಕೊಂಡು ಹೋಗುತ್ತಾರೆ. ಫ್ರೇಮ್, ಹಿಂದಿನ ಚಕ್ರ, ಜೊತೆಗೆ ಒಂದು ಕಂಬ, ಮೂರೂ ಸೇರಬೇಕು.

ಮಳೆ ಬಂದಾಗ

ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಗುಡುಗಿನ ಜೊತೆ ಧೋ ಅಂತ ಸುರಿದು ಸಾಮಾನ್ಯವಾಗಿ ಒಂದೆರಡು ಗಂಟೆಗೆ ನಿಲ್ಲುತ್ತದೆ. ಕಾಯುವುದೇ ಒಳ್ಳೆಯದು. ಜುಲೈನ ಜಿಟಿಜಿಟಿಗೆ ಜಾಕೆಟ್ ಸಾಕು, ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕುವ ದೊಗಳೆ ರೈನ್‌ಕೋಟ್ ಬೇಡ. ಒದ್ದೆಯಲ್ಲಿ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮೊದಲೇ ಹಿಡಿಯಿರಿ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ ಜಾರುತ್ತವೆ. ನಿಂತ ನೀರಿಗೆ ಮಾತ್ರ ಇಳಿಯಬೇಡಿ, ಎಷ್ಟೇ ಪರಿಚಯದ ರಸ್ತೆಯಾಗಿರಲಿ, ನೀರಿನ ಕೆಳಗೆ ನಿನ್ನೆ ಯಾರು ಏನು ಅಗೆದಿದ್ದಾರೆ ಅಂತ ಗೊತ್ತಿರುವುದಿಲ್ಲ. ಮಡಚುವ ಸೈಕಲ್ ಇದ್ದರೆ ಅಂಥ ಸಂಜೆ ಮೆಟ್ರೊ ಹತ್ತಬಹುದು, 2020ರಿಂದ ಅದಕ್ಕೆ ಅವಕಾಶ ಇದೆ.

ನೆನೆದು ಮನೆಗೆ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಐದು ನಿಮಿಷ ಸೈಕಲ್ಲಿಗೆ ಕೊಡಿ. ಹಳೆಯ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ನೀರು, ಮಣ್ಣು ಒರೆಸಿ. ಒಣಗಿದ ಮೇಲೆ ಒಂದೊಂದು ಕೊಂಡಿಗೂ ಒಂದು ಹನಿ ಚೈನ್ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಅದೇ ಬಟ್ಟೆಯಲ್ಲಿ ತೆಗೆಯಿರಿ. ಬೆಳಿಗ್ಗೆ ತುಳಿಯುವಾಗ ಕಿರುಗುಟ್ಟುವ ಸದ್ದು ಬರದಿದ್ದರೆ ಸರಿಯಾಗಿದೆ ಅಂತ ಅರ್ಥ.