ಪದವಿನಲ್ಲಿ ಬೋರಲು ಮಲಗಿ: ಹುಳ ತಿನ್ನುವ ಗಿಡಗಳ ಫೋಟೊ ತೆಗೆದ ನನ್ನ ಅನುಭವ

ಮೊದಲ ವರ್ಷ ನಾನು ಮೋಸ ಮಾಡಿದ್ದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಡ್ರೊಸೆರಾ ಅಂದರೆ ಎಲೆಯ ಅಂಟಿನಲ್ಲಿ ಹುಳ ಹಿಡಿದು ತಿನ್ನುವ ಗಿಡ. ಅದರ ಎಲೆಗೆ ಹುಳ ಅಂಟಿಕೊಂಡಿರುವ ಫೋಟೊ ಬೇಕಿತ್ತು. ಎರಡು ಭಾನುವಾರ ಹೋಗಿ ಬಂದರೂ ಸಿಕ್ಕಿದ್ದು ಬರೀ ನುಸಿ. ಮೂರನೇ ಸಲ ಮನೆಯ ಮಾವಿನ ಮರದಿಂದ ಒಂದು ಕೆಂಪಿರುವೆ ಹಿಡಿದು, ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿ, ಚಿಮಟದಲ್ಲಿ ಎತ್ತಿ ಎಲೆಯ ಮೇಲೆ ಇಟ್ಟೆ. ಫೋಟೊ ಭರ್ಜರಿಯಾಗಿ ಬಂತು. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದು ನಿಮಿಷ ನೋಡಿ, "ಇದು ಚಗಳಿ ಅಲ್ವಾ ಮಾರಾಯ? ಮರದ ಎಲೆ ಹೊಲಿದು ಗೂಡು ಕಟ್ಟುವ ಜಾತಿ. ಒಂದು ಮರ ಇಲ್ಲದ ಬಯಲಿಗೆ ಇದು ಯಾಕೆ ಬಂತು?" ಅಂದರು. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಅವರೇ ಚಹಾ ಕೊಟ್ಟು ಇನ್ನೊಂದು ವಿಷಯ ಹೇಳಿದರು. ಡಾರ್ವಿನ್ ಕೂಡ ಡ್ರೊಸೆರಾಕ್ಕೆ ಕೈಯಾರೆ ಊಟ ಹಾಕಿದವನೇ. ಮಾಂಸದ ಚೂರು, ಮೊಟ್ಟೆಯ ಬಿಳಿಭಾಗ ಎಲ್ಲ ಇಟ್ಟು ನೋಡಿದ್ದ. ಆದರೆ 1875ರಲ್ಲಿ ಹುಳ ತಿನ್ನುವ ಗಿಡಗಳ ಬಗ್ಗೆ ಪುಸ್ತಕ ತಂದಾಗ, ಏನು ಇಟ್ಟೆ, ಎಷ್ಟು ಹೊತ್ತಿಗೆ ಏನಾಯಿತು ಅಂತ ಒಂದೊಂದನ್ನೂ ಬರೆದ. ನಾನು ಬರೆದಿರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಫೋಟೊ ಅವತ್ತೇ ಅಳಿಸಿದೆ. ಗಿಡ ತಾನಾಗಿ ಹಿಡಿದದ್ದನ್ನು ಮಾತ್ರ ತೆಗೆಯುವುದು ಅಂತ ಅಂದುಕೊಂಡೆ. ಹಾಗಾಗಿ ಕೆಲಸ ನಾಲ್ಕು ಪಟ್ಟು ಜಾಸ್ತಿಯಾಯಿತು.

ನಾನು ಹೋಗುವುದು ಉಡುಪಿ ಜಿಲ್ಲೆಯ ಒಂದು ಪದವಿಗೆ. ನಮ್ಮ ಕಡೆ ಮುರಕಲ್ಲಿನ ಬಟಾಬಯಲು ದಿಬ್ಬಕ್ಕೆ ಪದವು ಅನ್ನುತ್ತೇವೆ. ಬೇಸಿಗೆಯಲ್ಲಿ ಹೆಂಚಿನ ಹಾಗೆ ಕಾಯುವ ಜಾಗ. ಮಳೆ ಹಿಡಿದ ಮೇಲೆ ಕಲ್ಲಿನ ಮೇಲೆಲ್ಲ ನೀರು ಜಿನುಗುತ್ತದೆ, ಬೆರಳುದ್ದ ಮಣ್ಣಿರುವ ಕಡೆಯೆಲ್ಲ ಹುಲ್ಲು, ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲಾನ್, ನೀಲಿ ಯುಟ್ರಿಕುಲೇರಿಯಾ, ನಡುನಡುವೆ ಡ್ರೊಸೆರಾ. ಮಣ್ಣಿನಲ್ಲಿ ಸಾರವೇ ಇಲ್ಲ. ಇದ್ದದ್ದನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಡ್ರೊಸೆರಾ, ಯುಟ್ರಿಕುಲೇರಿಯಾ ಎರಡೂ ಸಾರಜನಕಕ್ಕೆ ಹುಳ ಹಿಡಿಯುವುದು ಅದಕ್ಕೇ.

ನನಗೆ ಸಿಗುವುದು ಎರಡು ಡ್ರೊಸೆರಾ. ಬರ್ಮಾನಿ ನೆಲಕ್ಕೆ ಅಂಟಿಕೊಂಡು ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡುತ್ತದೆ. ಇಂಡಿಕಾ ನೆಟ್ಟಗೆ ಗೇಣುದ್ದ ಬೆಳೆಯುತ್ತದೆ, ಎಲೆ ದಾರದಂತೆ ಸಪೂರ. ಎರಡರ ಎಲೆಯಲ್ಲೂ ಕೂದಲು, ಕೂದಲ ತುದಿಯಲ್ಲಿ ಅಂಟಿನ ಹನಿ. ಬರ್ಮಾನಿಯ ಅಂಚಿನ ಕೂದಲು ಹುಳ ತಾಗಿದ ಕೆಲವೇ ಸೆಕೆಂಡಿನಲ್ಲಿ ಒಳಕ್ಕೆ ಮಡಚಿಕೊಳ್ಳುತ್ತದೆ. ಗಿಡ ಅಂದರೆ ಅಲ್ಲಾಡದೆ ನಿಲ್ಲುವುದು ಅಂತ ನಂಬಿದವರು ಒಮ್ಮೆ ನೋಡಬೇಕು.

ಈಗ ಕ್ಯಾಮೆರಾ ವಿಷಯ. ನನ್ನದು ಹಳೆಯ ಎಪಿಎಸ್-ಸಿ (ಸ್ವಲ್ಪ ಚಿಕ್ಕ ಸೆನ್ಸರಿನ) ಬಾಡಿ, ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವ 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಒಂದು ಫ್ಲ್ಯಾಶ್. ಟ್ರೈಪಾಡ್ ಒಯ್ಯುವುದನ್ನು ಬಿಟ್ಟೆ, ಇಷ್ಟು ಗಿಡ್ಡ ಗಿಡಕ್ಕೆ ಅದು ಸುಮ್ನೆ ಭಾರ. ಹೊಲಿಸಿದ ಬಟ್ಟೆ ಚೀಲದಲ್ಲಿ ಒಂದು ಕಿಲೋ ಅಕ್ಕಿ ತುಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಕ್ಯಾಮೆರಾ ಇಡುತ್ತೇನೆ. ನಾನು ಟಾರ್ಪಾಲಿನ ತುಂಡಿನ ಮೇಲೆ ಬೋರಲು. ಮಲಗುವ ಮೊದಲು ಅಲ್ಲಿ ಬೇರೆ ಗಿಡ ಇದೆಯಾ ಅಂತ ನೋಡಿಕೊಳ್ಳಲೇಬೇಕು. ಒಂದು ಡ್ರೊಸೆರಾದ ಫೋಟೊಗೆ ಹತ್ತು ಡ್ರೊಸೆರಾಗಳನ್ನು ಹೊಟ್ಟೆಯಡಿ ಹಾಕಿಕೊಂಡವರನ್ನು ನೋಡಿದ್ದೇನೆ (ಒಂದು ಸಲ ನಾನೇ).

ಜಾಸ್ತಿ ತಲೆ ತಿಂದದ್ದು ಬೆಳಕು. ಅಂಟಿನ ಪ್ರತಿ ಹನಿಯೂ ಒಂದು ಪುಟ್ಟ ಗೋಲಿಯ ಹಾಗೆ. ಬರೀ ಫ್ಲ್ಯಾಶ್ ಹೊಡೆದರೆ ನೂರು ಹನಿಯಲ್ಲಿ ನೂರು ಚುಕ್ಕೆ ಮಿನುಗಿ, ಮಧ್ಯದಲ್ಲಿರುವ ಹುಳ ಕಾಣುವುದೇ ಇಲ್ಲ. ಹೊಸ ಟಿವಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ತೆಳು ಬಿಳಿ ಫೋಮ್ ಹಾಳೆ, ಅದನ್ನು ಎರಡು ಪದರ ಮಾಡಿ ಲೆನ್ಸಿನ ಮೇಲೆ ಚಪ್ಪರದಂತೆ ಬಗ್ಗಿಸಿ ಕಟ್ಟಿದೆ. ಚುಕ್ಕೆಗಳು ಹೋಗಿ ಹನಿಗಳ ಮೇಲೆ ಮೆತ್ತಗಿನ ಬಿಳಿ ಹೊಳಪು ಉಳಿಯಿತು. ಖರ್ಚು ಸೊನ್ನೆ. ಫ್ಲ್ಯಾಶ್ ಇಲ್ಲದೆಯೂ ಆಗುತ್ತದೆ: ಬೆಳಗ್ಗೆ ಎಂಟರ ಹೊತ್ತಿಗೆ ಸೂರ್ಯ ಗಿಡದ ಹಿಂದೆ ಬರುವಂತೆ ಮಲಗಿದರೆ ಹನಿಗಳು ದೀಪದ ಹಾಗೆ ಹತ್ತಿಕೊಳ್ಳುತ್ತವೆ. ಆದರೆ ಆಗ ಹುಳ ಬರೀ ಕಪ್ಪು ನೆರಳು. ಕ್ಯಾಲೆಂಡರಿಗೆ ಚೆನ್ನ, ಯಾವ ಹುಳ ಅಂತ ಗುರುತಿಸಲು ಪ್ರಯೋಜನ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಜೋರು ಮಳೆ ಬಂದ ಕೂಡಲೇ ಹೋದರೆ ಗಿಡ ಬೋಳುಬೋಳು. ಮಳೆ ಅಂಟನ್ನು ತೊಳೆದಿರುತ್ತದೆ, ಮತ್ತೆ ಊರಲು ಕೆಲವು ಗಂಟೆ ಬೇಕು. ರಾತ್ರಿ ಮಳೆ ನಿಂತು ಬೆಳಗ್ಗೆ ಹೊಳವಾದ ದಿನ ನೋಡಿ ಹೋಗಬೇಕು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಅಂಥ ದಿನಗಳು ಸಿಗುತ್ತವೆ, ಅವುಗಳಲ್ಲಿ ಅರ್ಧದಷ್ಟು ದಿನ ನನಗೆ ಆಫೀಸು ಇರುತ್ತದೆ.

ಫೋಕಸ್ ಬಗ್ಗೆ. ಹುಳವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಬೀಳಿಸಿದಾಗ, ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಬರುವುದು ಸುಮಾರು ಒಂದು ಮಿಲಿಮೀಟರ್ ಆಳ. ಕಿಂಡಿ ಇನ್ನೂ ಚಿಕ್ಕದು ಮಾಡಿ ಎಫ್/22ಕ್ಕೆ ಹೋದರೆ ಆಳ ಸಿಗುತ್ತದೆ, ಆದರೆ ಡಿಫ್ರ್ಯಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮಂಕಾಗುತ್ತದೆ. ಸತ್ತ ಹುಳವಾದರೆ ಸುಲಭ: ಫೋಕಸ್ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ ಹದಿನೈದು ಇಪ್ಪತ್ತು ಫೋಟೊ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಒಂದು ಮಾಡುತ್ತೇನೆ. ಜೀವ ಇರುವ ಹುಳಕ್ಕೆ ಇದು ನಡೆಯುವುದಿಲ್ಲ, ಒದ್ದಾಡುವ ಕಾಲು ಆರು ಇದ್ದದ್ದು ಹದಿನಾರಾಗಿ ಬರುತ್ತದೆ. ಆಗ ಒಂದೇ ಫೋಟೊ, ಫ್ಲ್ಯಾಶ್ ಜೊತೆ, ಹುಳದ ಕಣ್ಣು ಮತ್ತು ಅದಕ್ಕೆ ಅಂಟಿದ ಒಂದೆರಡು ಕೂದಲು ಒಂದೇ ಸಮತಲಕ್ಕೆ ಬರುವ ಹಾಗೆ ಕ್ಯಾಮೆರಾ ಓರೆ ಮಾಡಿ. ಉಳಿದದ್ದು ಮಸುಕಾದರೆ ಆಗಲಿ.

ಎರಡನೇ ವರ್ಷದ ಸೆಪ್ಟೆಂಬರಿನಲ್ಲಿ ಇಂಡಿಕಾದ ಎಲೆಯೊಂದಕ್ಕೆ ಪುಟ್ಟ ಸೂಜಿ ಏರೋಪ್ಲೇನ್ ಚಿಟ್ಟೆ ಸಿಕ್ಕಿಬಿದ್ದಿತ್ತು, ಡ್ಯಾಮ್ಸೆಲ್‌ಫ್ಲೈ ಅನ್ನುತ್ತಾರಲ್ಲ ಅದು. ಉದ್ದ ಎರಡು ಸೆಂಟಿಮೀಟರ್ ಇರಬಹುದು. ಇನ್ನೂ ಜೀವ ಇತ್ತು. ಬಿಡಿಸಲಾ ಅನ್ನಿಸಿತು, ನಿಜ ಹೇಳಬೇಕಲ್ಲ. ಬಿಡಿಸಲಿಲ್ಲ. ಇರುವೆ ಇಡುವುದು ಎಷ್ಟು ಮೋಸವೋ ಇದನ್ನು ಬಿಡಿಸುವುದೂ ಅಷ್ಟೇ ಅಂದುಕೊಂಡೆ, ಸರಿಯೋ ತಪ್ಪೋ ಗೊತ್ತಿಲ್ಲ. ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲು ಗುರುತಿಗೆ ಇಟ್ಟು, ನಾಲ್ಕು ದಿನ ಆಫೀಸಿಗೆ ಹೋಗುವ ಮೊದಲು ಅದೇ ಗಿಡಕ್ಕೆ ಹೋದೆ. ಮೊದಲ ದಿನ ರೆಕ್ಕೆ ಅಂಟಿತ್ತು. ಎರಡನೇ ದಿನ ಪಕ್ಕದ ಎಲೆಯೂ ಹೊಟ್ಟೆಗೆ ತಾಗಿಕೊಂಡಿತ್ತು, ಕೂದಲೆಲ್ಲ ಅದರ ಮೈಮೇಲೆ ಬಾಗಿದ್ದವು. ನಾಲ್ಕನೇ ದಿನ ಬಣ್ಣ ಹೋದ ಸಿಪ್ಪೆ. ಹೊರಗಿನ ಚಿಪ್ಪು ಗಿಡಕ್ಕೆ ಅರಗುವುದಿಲ್ಲ. ಈ ನಾಲ್ಕು ಫೋಟೊ ಒಟ್ಟಿಗೆ ನೋಡಿದ ಮೇಷ್ಟ್ರು ಏನೂ ಹೇಳಲಿಲ್ಲ, ಕಾಪಿ ಕೇಳಿದರು.

ಗಿಡದ ಊಟ ಯಾವಾಗಲೂ ಗಿಡಕ್ಕೇ ಸಿಗುತ್ತದೆ ಅಂತಲೂ ಇಲ್ಲ. ಒಮ್ಮೆ ಬರ್ಮಾನಿಯ ಮೇಲೆ ಒಳ್ಳೆಯ ನೊಣ ಇತ್ತು. ನಾನು ಬ್ಯಾಟರಿ ಬದಲಿಸಿ ತಿರುಗುವಷ್ಟರಲ್ಲಿ ಸಣ್ಣ ಕರಿ ಇರುವೆಗಳು ಎಲೆಯ ಅಂಚಿನಿಂದಲೇ ಅದನ್ನು ಎಳೆಯುತ್ತಿದ್ದವು. ಅಂಟಿಗೆ ಕಾಲಿಡದೆ! ಬೈದುಕೊಂಡು ಅದನ್ನೇ ತೆಗೆದೆ. ಈಗ ನನ್ನ ಹತ್ತಿರ ಇರುವುದರಲ್ಲಿ ನನಗೆ ಇಷ್ಟವಾದದ್ದು ಅದೇ.

ಯುಟ್ರಿಕುಲೇರಿಯಾದ ಕಥೆ ಬೇರೆ. ಇದರ ನೀಲಿ ಹೂವನ್ನು ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯ ಕಡೆ ಸೀತೆಯ ಕಣ್ಣೀರು ಅನ್ನುತ್ತಾರೆ, ಕೇರಳದಲ್ಲಿ ಕಾಕ್ಕಪ್ಪೂವು ಅಂತ ಓಣಂ ರಂಗೋಲಿಗೆ ಹಾಕುತ್ತಾರೆ. ಹೂವಿನ ಫೋಟೊ ಯಾರು ಬೇಕಾದರೂ ತೆಗೆಯಬಹುದು. ಬೇಟೆ ನಡೆಯುವುದು ಮಣ್ಣಿನೊಳಗೆ, ಸಾಸಿವೆಗಿಂತ ಸಣ್ಣ ಚೀಲಗಳಲ್ಲಿ. ಪದವಿನ ಗಿಡ ಕೀಳುವುದು ಬೇಡ ಅಂತ ನಾನು ಊರ ಕೆರೆಯಲ್ಲಿ ತೇಲುವ ಹಳದಿ ಹೂವಿನ ಆರಿಯಾ ಜಾತಿಯದ್ದನ್ನು ಹಿಡಿದೆ, ಅದು ರಾಶಿ ಇರುತ್ತದೆ. ಬೆರಳುದ್ದದ ಒಂದು ಎಳೆಯನ್ನು ಕೆರೆಯ ನೀರಿನ ಸಮೇತ ತಂದೆ. ಎರಡು ಗಾಜಿನ ಸ್ಲೈಡ್ ನಡುವೆ ಸಿಲಿಕಾನ್ ಅಂಟು ಹಾಕಿ ತೆಳುವಾದ ತೊಟ್ಟಿ ಮಾಡಿದೆ. ರಿವರ್ಸ್ ರಿಂಗ್ ಹಾಕಿ 28 ಮಿ.ಮೀ. ಹಳೆಯ ಲೆನ್ಸನ್ನು ತಿರುಗಿಸಿ ಕೂರಿಸಿದೆ, ಪಕ್ಕದಿಂದ ಟಾರ್ಚ್ ಬಿಟ್ಟೆ. ಚೀಲಗಳೊಳಗೆ ಕಪ್ಪು ಕಪ್ಪಾಗಿ ಕಾಣುವುದು ತಿಂದು ಉಳಿದದ್ದು. ಒಂದರಲ್ಲಿ ಸೈಕ್ಲಾಪ್ಸ್ (ನೀರಿನಲ್ಲಿರುವ ಚುಕ್ಕೆಯಷ್ಟು ಸಣ್ಣ ಜೀವಿ) ಇನ್ನೂ ತಿರುಗುತ್ತಿತ್ತು.

ಹಿಡಿಯುವ ಕ್ಷಣ ಮಾತ್ರ ಸಿಗಲೇ ಇಲ್ಲ. ಬಾಗಿಲಿನ ಕೂದಲಿಗೆ ಏನಾದರೂ ತಾಗಿದರೆ ಚೀಲ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಫೋನು ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತದೆ, ಅಂದರೆ ಫ್ರೇಮಿನಿಂದ ಫ್ರೇಮಿಗೆ ನಾಲ್ಕು ಮಿಲಿಸೆಕೆಂಡ್. ಮೂರು ಸಂಜೆ ಕೂತು ತೆಗೆದ ವಿಡಿಯೋದಲ್ಲಿ ಒಂದು ಕಡೆ, ಒಂದು ಫ್ರೇಮಿನಲ್ಲಿ ಸೈಕ್ಲಾಪ್ಸ್ ಬಾಗಿಲ ಹೊರಗಿದೆ, ಚೀಲ ಚಪ್ಪಟೆ. ಮುಂದಿನ ಫ್ರೇಮಿನಲ್ಲಿ ಚೀಲ ಉಬ್ಬಿದೆ, ಸೈಕ್ಲಾಪ್ಸ್ ಒಳಗಿದೆ. ನಡುವೆ ಏನೂ ಇಲ್ಲ. ಆ ಎರಡು ಫ್ರೇಮನ್ನೇ ಅಕ್ಕಪಕ್ಕ ಇಟ್ಟು ಪ್ರಿಂಟ್ ಹಾಕಿಸಿದ್ದೇನೆ.

ಮಳೆಗಾಲದಲ್ಲಿ ಕೆಲಸ ಮಾಡಿದರೆ ಲೆನ್ಸಿಗೆ ಫಂಗಸ್ ಬರುವುದು ಖಂಡಿತ. ನನ್ನದು ಒಂದು ಹಾಗೇ ಹಾಳಾಯಿತು. ಈಗ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹುರಿದು ಒಣಗಿಸುತ್ತೇನೆ. ಆ ಬಾಣಲೆ ಬೇರೆ ಇಟ್ಟುಕೊಳ್ಳಿ, ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿದೆ.

ಪದವಿನ ಹೆಸರು ಬೇಕೆಂದೇ ಬರೆದಿಲ್ಲ, ಫೋಟೊದಿಂದ ಜಿಪಿಎಸ್ ಕೂಡ ತೆಗೆದಿದ್ದೇನೆ. ಒಂದು ಬದಿಯಲ್ಲಿ ಈಗಾಗಲೇ ಕೆಂಪುಕಲ್ಲಿನ ಕೋರೆ ಬಂದಿದೆ. ನಾಲ್ಕು ದಿನ ಗುರುತಿಗೆ ಇಟ್ಟಿದ್ದ ಆ ಚಪ್ಪಟೆ ಕಲ್ಲು ಇನ್ನೂ ಅಲ್ಲೇ ಇದೆ, ಕೋರೆಯ ಅಂಚಿನಿಂದ ಸುಮಾರು ಅರವತ್ತು ಹೆಜ್ಜೆ.