ದಾನಿಗಳ ಪಟ್ಟಿಯನ್ನು ಸಿವಿಸಿಆರ್‌ಎಂಗೆ ತಂದ ಬಗೆ: ನನ್ನ ಅನುಭವ

ನಮ್ಮ ಟ್ರಸ್ಟ್ ಧಾರವಾಡದ ಸುತ್ತಲಿನ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ವಾಚನಾಲಯಗಳನ್ನು ನಡೆಸುತ್ತದೆ. ಇದಕ್ಕೆ ಹಣ ಕೊಡುವವರಲ್ಲಿ ಹೆಚ್ಚಿನವರು ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ಮತ್ತು ಇದೇ ಊರುಗಳಿಂದ ಬೆಂಗಳೂರು, ಪುಣೆ ಸೇರಿದವರು. ಅವರ ವಿವರಗಳು ರಸೀದಿ ಪುಸ್ತಕಗಳಲ್ಲಿ, ಲೆಕ್ಕ ಬರೆಯುವವರ ಎಕ್ಸೆಲ್ ಹಾಳೆಗಳಲ್ಲಿ, ಕಾರ್ಯಕರ್ತರ ಮೊಬೈಲ್‌ಗಳಲ್ಲಿ ಹಂಚಿಹೋಗಿದ್ದವು. ಅವೆಲ್ಲವನ್ನೂ ಒಂದೆಡೆ ತರುವ ಹೊಣೆ ನನಗೆ ಬಂತು. ಅದಕ್ಕೆ ಆಯ್ದುಕೊಂಡ ಸಿವಿಸಿಆರ್‌ಎಂ ಎಂಬ ತಂತ್ರಾಂಶವನ್ನು ಅಳವಡಿಸುವುದು ಅದರಲ್ಲಿ ಸಣ್ಣ ಭಾಗ. ಹೊತ್ತು ಹಿಡಿದದ್ದು ಹೆಸರುಗಳ ಕೆಲಸ.

ಸಿವಿಸಿಆರ್‌ಎಂ ಜನರ ಸಂಪರ್ಕ, ದೇಣಿಗೆಗಳ ದಾಖಲೆ ಇಡಲು ಲಾಭರಹಿತ ಸಂಸ್ಥೆಗಳಿಗಾಗಿಯೇ ರೂಪುಗೊಂಡ ಮುಕ್ತ ತಂತ್ರಾಂಶ. ಡೊನಾಲ್ಡ್ ಲೋಬೋ ಮತ್ತು ಸಂಗಡಿಗರು 2005ರಲ್ಲಿ ಆರಂಭಿಸಿದ ಈ ಯೋಜನೆಯನ್ನು ಇಂದು ಹಲವು ದೇಶಗಳ ಬಳಕೆದಾರರು ಮತ್ತು ತಂತ್ರಜ್ಞರ ಸಮುದಾಯ ನಡೆಸುತ್ತಿದೆ. ಜಾಲತಾಣ ಕಟ್ಟಲು ಬಳಸುವ ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾ, ಬ್ಯಾಕ್‌ಡ್ರಾಪ್‌ಗಳ ಒಳಗೆ ಇದು ಕೂರುತ್ತದೆ. ನಮ್ಮ ಜಾಲತಾಣ ವರ್ಡ್‌ಪ್ರೆಸ್‌ನಲ್ಲಿ ಇದ್ದುದರಿಂದ ನಾವು ಆ ದಾರಿ ಹಿಡಿದೆವು. ಪರವಾನಗಿಗೆ ಹಣವಿಲ್ಲ, ಸರ್ವರ್ ಬಾಡಿಗೆ ಮಾತ್ರ. ಆದರೆ ಇದನ್ನು ಆಯ್ದುಕೊಳ್ಳಲು ಹಣಕ್ಕಿಂತ ದೊಡ್ಡ ಕಾರಣವೊಂದಿತ್ತು. ವ್ಯಾಪಾರಿ ಸಂಸ್ಥೆಗಳಿಗೆಂದು ಮಾಡಿದ ತಂತ್ರಾಂಶಗಳು ಮನುಷ್ಯನನ್ನು ಗ್ರಾಹಕನೆಂದೇ ಎಣಿಸುತ್ತವೆ. ಇಲ್ಲಿ ಮೊದಲಿನಿಂದಲೇ ವ್ಯಕ್ತಿ, ಕುಟುಂಬ, ಸಂಸ್ಥೆ ಎಂಬ ಮೂರು ಬಗೆಯ ಸಂಪರ್ಕಗಳಿವೆ, ದೇಣಿಗೆ, ಸದಸ್ಯತ್ವ, ಕಾರ್ಯಕ್ರಮ ಎಂಬ ಲೆಕ್ಕಗಳಿವೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸಂಬಂಧವನ್ನು ದಾಖಲಿಸುವ ಅವಕಾಶವಿದೆ.

ಒಬ್ಬ ದಾನಿ ಎರಡು ಬಾರಿ ದಾಖಲಾದರೆ ಆಗುವ ತೊಂದರೆ ನಮ್ಮ ದೇಶದಲ್ಲಿ ಕಾನೂನಿನದು. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಪಡೆದ ಸಂಸ್ಥೆಗಳು 2021-22ರ ಹಣಕಾಸು ವರ್ಷದಿಂದ ತಾವು ಪಡೆದ ದೇಣಿಗೆಗಳ ವಿವರವನ್ನು 10ಬಿಡಿ ನಮೂನೆಯಲ್ಲಿ, ವರ್ಷ ಮುಗಿದ ಬಳಿಕ ಬರುವ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಯಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದಾನಿಗೆ ತೆರಿಗೆ ವಿನಾಯಿತಿ ಸಿಗುವುದು ಆ ವಿವರದ ಆಧಾರದ ಮೇಲೆ ಹೊರಬರುವ 10ಬಿಇ ಪ್ರಮಾಣಪತ್ರದಿಂದ. ಜೂನ್‌ನಲ್ಲಿ ಒಂದು ಹೆಸರಿನಲ್ಲಿ, ಜನವರಿಯಲ್ಲಿ ಇನ್ನೊಂದು ಕಾಗುಣಿತದಲ್ಲಿ ರಸೀದಿ ಪಡೆದ ದಾನಿಯ ಹಣ ಎರಡು ಕಡೆ ಒಡೆದುಹೋದರೆ, ಆ ತೊಡಕನ್ನು ಬಿಡಿಸಿಕೊಳ್ಳಬೇಕಾದವರು ನಮ್ಮನ್ನು ನಂಬಿ ಹಣ ಕೊಟ್ಟವರೇ. ಆದ್ದರಿಂದ ಹೆಸರುಗಳನ್ನು ಶುದ್ಧಗೊಳಿಸದೆ ಒಂದು ರಸೀದಿಯನ್ನೂ ಹೊಸ ವ್ಯವಸ್ಥೆಯಿಂದ ಕೊಡಬಾರದೆಂದು ತೀರ್ಮಾನಿಸಿದೆವು.

ಸಿವಿಸಿಆರ್‌ಎಂ ತಾನಾಗಿ ಕೊಡುವ ನಕಲು ಪತ್ತೆಯ ನಿಯಮಗಳು ಹೆಚ್ಚಾಗಿ ಇಮೇಲ್ ವಿಳಾಸವನ್ನು, ಅದರ ಜೊತೆಗೆ ಮೊದಲ ಮತ್ತು ಕೊನೆಯ ಹೆಸರನ್ನು ನೆಚ್ಚಿಕೊಂಡಿವೆ. ನಮ್ಮ ದಾನಿಗಳಲ್ಲಿ ಇಮೇಲ್ ಇಲ್ಲದವರೇ ಬಹಳ. ಹಳೆ ಮೈಸೂರಿನ ಕಡೆಯವರಿಗೆ ಕೊನೆಯ ಹೆಸರಿನ ಜಾಗದಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ. ನಮ್ಮ ಕಡೆ ಪಾಟೀಲ, ಹಿರೇಮಠ ಎಂಬ ಅಡ್ಡಹೆಸರಿನವರು ಒಂದೇ ಊರಿನಲ್ಲಿ ಹತ್ತಾರು ಮಂದಿ. ಅದೃಷ್ಟಕ್ಕೆ ಈ ನಿಯಮಗಳನ್ನು ನಾವೇ ಬರೆದುಕೊಳ್ಳಬಹುದು: ಯಾವ ಯಾವ ಅಂಶ ಹೊಂದಬೇಕು, ಅದರ ಎಷ್ಟು ಅಕ್ಷರ ಹೊಂದಿದರೆ ಸಾಕು, ಹೊಂದಿದರೆ ಎಷ್ಟು ಅಂಕ, ಒಟ್ಟು ಎಷ್ಟು ಅಂಕವಾದರೆ ನಕಲೆಂದು ತೋರಿಸಬೇಕು ಎಂಬುದೆಲ್ಲ ನಮ್ಮ ಕೈಯಲ್ಲಿದೆ. ನಾವು ಮಿತಿಯನ್ನು 10 ಎಂದಿಟ್ಟು, ಪ್ಯಾನ್ ಸಂಖ್ಯೆಗೆ 10, ಮೊಬೈಲ್ ಸಂಖ್ಯೆಗೆ 6, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ 4, ಪಿನ್‌ಕೋಡ್‌ಗೆ 3 ಅಂಕ ಕೊಟ್ಟೆವು. ಒಂದೇ ಮೊಬೈಲ್ ಬಳಸುವ, ಒಂದೇ ಮನೆಯಲ್ಲಿರುವ ಗಂಡ ಹೆಂಡತಿಗೆ ಇದರಿಂದ 9 ಅಂಕವಷ್ಟೇ ಬರುತ್ತದೆ, ಅವರು ಇಬ್ಬರಾಗಿಯೇ ಉಳಿಯುತ್ತಾರೆ. ಪಟ್ಟಿಯನ್ನು ಒಳಗೆ ಸೇರಿಸುವ ಮೊದಲೇ ಎಲ್ಲ ಮೊಬೈಲ್ ಸಂಖ್ಯೆಗಳ ಮುಂದಿನ ಸೊನ್ನೆಯನ್ನೂ +91ಅನ್ನೂ ತೆಗೆದು ಹತ್ತು ಅಂಕಿಗೆ ಇಳಿಸಿದ್ದು ಅವಶ್ಯವಾಗಿತ್ತು, ಇಲ್ಲವಾದರೆ ಒಂದೇ ಸಂಖ್ಯೆ ಮೂರು ಸಂಖ್ಯೆಗಳಂತೆ ಕಾಣುತ್ತದೆ.

ಯಂತ್ರದ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಬಸವರಾಜ ಮತ್ತು ಬಸವ್ವ ಒಂದೇ ಮನೆಯಲ್ಲಿ, ಒಂದೇ ಮೊಬೈಲಿನಲ್ಲಿ ಇದ್ದರೆ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳೂ ಹೊಂದುವುದರಿಂದ, ನಿಯಮ ಅವರನ್ನು ಒಬ್ಬರೆಂದು ತೋರಿಸುತ್ತದೆ. ತಿಪ್ಪಣ್ಣ, ವಿಶ್ವನಾಥ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೆಲವರು ಎಚ್ ಸೇರಿಸಿ, ಕೆಲವರು ಬಿಟ್ಟು ಬರೆಯುವುದರಿಂದ, ಒಬ್ಬರೇ ಇದ್ದರೂ ಇಬ್ಬರಾಗಿ ತಪ್ಪಿಸಿಕೊಳ್ಳುತ್ತಾರೆ. ಹೀಗಾಗಿ ಯಾವ ಜೋಡಿಯನ್ನೂ ತಾನಾಗಿ ಕೂಡಿಸಲು ನಾನು ಬಿಡಲಿಲ್ಲ. ಆಯಾ ಊರಿನ ಕಾರ್ಯಕರ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಜೋಡಿಯನ್ನು ತೆರೆದು ಕೇಳಿದೆ. ‘ಇವರು ಅಣ್ಣತಮ್ಮರು ಸರ್, ಒಬ್ಬರು ಊರಲ್ಲಿದ್ದಾರೆ, ಒಬ್ಬರು ಹುಬ್ಬಳ್ಳಿಯಲ್ಲಿ’ ಎಂದು ಅವರು ಹೇಳಿದ ಮಾತು ಯಾವ ನಿಯಮಕ್ಕೂ ದಕ್ಕುವಂಥದಲ್ಲ. ಬೇರೆ ಬೇರೆ ಎಂದು ಗೊತ್ತಾದ ಜೋಡಿಯನ್ನು ನಕಲಲ್ಲವೆಂದು ಗುರುತಿಸಿಟ್ಟರೆ ತಂತ್ರಾಂಶ ಅದನ್ನು ಮತ್ತೆ ಮುಂದೆ ತರುವುದಿಲ್ಲ. ಒಬ್ಬರೇ ಎಂದು ಗೊತ್ತಾಗಿ ಕೂಡಿಸಿದರೆ ಎರಡೂ ದಾಖಲೆಗಳ ದೇಣಿಗೆಗಳು ಕೊನೆಗೆ ಉಳಿಯುವ ಒಂದೇ ದಾಖಲೆಯಡಿ ಸೇರುತ್ತವೆ. ಗಂಡ ಹೆಂಡತಿಯನ್ನು ಕುಟುಂಬ ಎಂಬ ಸಂಪರ್ಕದ ಕೆಳಗೆ ಜೋಡಿಸಿದ್ದರಿಂದ, ರಸೀದಿ ಪ್ಯಾನ್ ಇದ್ದವರ ಹೆಸರಿಗೆ ಹೋದರೂ ವಾರ್ಷಿಕ ವರದಿ ಮನೆಗೊಂದೇ ಹೋಗುತ್ತದೆ.

ಹೆಸರನ್ನು ಕನ್ನಡದಲ್ಲಿಯೂ ಇಡಲು ಪ್ರತ್ಯೇಕ ಕ್ಷೇತ್ರವೊಂದನ್ನು ಸೇರಿಸಿದೆವು. ತೆರಿಗೆಯ ಕೆಲಸಕ್ಕೆ ಪ್ಯಾನ್ ಕಾರ್ಡಿನಲ್ಲಿರುವಂತೆ ಇಂಗ್ಲಿಷ್ ಹೆಸರು, ಪತ್ರಕ್ಕೆ ಕನ್ನಡದ ಹೆಸರು. ಪರದೆಯ ಮೇಲಿನ ಪದಗಳನ್ನು ಬದಲಿಸುವ ಸೌಲಭ್ಯದಿಂದ ಕಾರ್ಯಕರ್ತರು ದಿನವೂ ನೋಡುವ ಕಡೆಗಳಲ್ಲಿ ದೇಣಿಗೆ, ರಸೀದಿ ಎಂದೇ ಬರುವಂತೆ ಮಾಡಿದೆ. ಪಿಡಿಎಫ್ ರಸೀದಿಯಲ್ಲಿ ಮಾತ್ರ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುತ್ತಿದ್ದವು. ತಂತ್ರಾಂಶದ ಜೊತೆಯಲ್ಲಿ ಬರುವ, ಪಿಡಿಎಫ್ ತಯಾರಿಸುವ ಡಾಮ್‌ಪಿಡಿಎಫ್‌ಗೆ ಭಾರತೀಯ ಲಿಪಿಗಳ ಅಕ್ಷರಗಳನ್ನು ಕೂಡಿಸುವುದು ತಿಳಿಯದು. ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಸಾಧನವನ್ನು ಸರ್ವರ್‌ನಲ್ಲಿ ಹಾಕಿ, ನೋಟೊ ಕನ್ನಡ ಫಾಂಟನ್ನು ಸೇರಿಸಿ, ಸಿವಿಸಿಆರ್‌ಎಂಗೆ ಅದರ ದಾರಿ ತೋರಿಸಿದ ಮೇಲೆ ರಸೀದಿಯ ಕನ್ನಡ ಸರಿಯಾಯಿತು. ಆ ಸಾಧನದ ಅಭಿವೃದ್ಧಿ ಈಗ ನಿಂತಿರುವುದರಿಂದ ಬದಲಿ ದಾರಿಯನ್ನು ಹುಡುಕುತ್ತಲೇ ಇದ್ದೇನೆ.

ಈ ತಂತ್ರಾಂಶದ ಹೊಸ ಆವೃತ್ತಿ ಪ್ರತಿ ತಿಂಗಳ ಮೊದಲ ಬುಧವಾರ ಬರುತ್ತದೆ, ಅದಕ್ಕೂ ಮೊದಲೇ ಪರೀಕ್ಷಾ ಆವೃತ್ತಿ ಎಲ್ಲರಿಗೂ ತೆರೆದಿರುತ್ತದೆ. ನಾನು ಆ ಪರೀಕ್ಷಾ ಆವೃತ್ತಿಯನ್ನು ನಮ್ಮ ದತ್ತಾಂಶದ ಒಂದು ಪ್ರತಿಯ ಮೇಲೆ ಹಾಕಿ, ನಕಲು ಪತ್ತೆ, ಕನ್ನಡ ರಸೀದಿ, ಮತ್ತು ಪ್ಯಾನ್‌ವಾರು ಹಾಗೂ ಪಾವತಿಯ ಬಗೆವಾರು ದೇಣಿಗೆಯನ್ನು ಕೂಡಿಸುವ 10ಬಿಡಿ ಪಟ್ಟಿ ಈ ಮೂರನ್ನು ಓಡಿಸಿ ನೋಡುತ್ತೇನೆ. ಏನಾದರೂ ಕೆಟ್ಟಿದ್ದರೆ, ಹೇಗೆ ಕೆಟ್ಟಿತೆಂಬುದನ್ನು ಹಂತಹಂತವಾಗಿ, ದಾನಿಗಳ ನಿಜವಾದ ಹೆಸರಿಲ್ಲದೆ ಬರೆದು ಅಭಿವರ್ಧಕರಿಗೆ ತಿಳಿಸುತ್ತೇನೆ. ನಮ್ಮಂಥ ಸಣ್ಣ ಸಂಸ್ಥೆಗೆ ಕೋಡ್ ಬರೆದುಕೊಡುವ ಶಕ್ತಿಯಿಲ್ಲ. ಕನ್ನಡದ ಹೆಸರು, ಕನ್ನಡದ ರಸೀದಿಯೊಂದಿಗೆ ಪರೀಕ್ಷಿಸಿ ಹೇಳುವ ಕೆಲಸವನ್ನು ಮಾತ್ರ ನಾವು ಮಾಡಬಲ್ಲೆವು. ಮೇ ತಿಂಗಳಲ್ಲಿ ಹೊಸ ಆವೃತ್ತಿಗೆ ಹೋಗುವುದಿಲ್ಲ, ಭದ್ರತೆಯ ತಿದ್ದುಪಡಿ ಬಂದರೆ ಮಾತ್ರ ಹಾಕಿಕೊಳ್ಳುತ್ತೇವೆ. 10ಬಿಡಿ ಸಲ್ಲಿಕೆಯಾದ ಮೇಲೆ ಜೂನ್‌ನ ಆವೃತ್ತಿಯಿಂದ ಕ್ರಮ ಮತ್ತೆ ಶುರುವಾಗುತ್ತದೆ.