ಎಚ್-1ಬಿ ಕೆಲಸ ಹೋದರೆ ಆ 60 ದಿನ ಹೇಗೆ ಬಳಸಬೇಕು

ಕೆಲಸ ಹೋದ ಸಂಜೆ ನನ್ನ ಹೆಂಡತಿ ಮೊದಲು ಕೇಳಿದ್ದು, "ಹಾಗಾದ್ರೆ ನನ್ನ ವೀಸಾ?" ಅವಳದು ಸಂಗಾತಿಗೆ ಕೊಡುವ ಎಚ್-4, ನನ್ನ ಕೆಲಸದ ವೀಸಾ ಎಚ್-1ಬಿಯನ್ನೇ ನೆಚ್ಚಿಕೊಂಡದ್ದು.

ಕೆಲಸ ಹೋದ ಮೇಲೆ ಅಮೆರಿಕದಲ್ಲಿ ಉಳಿಯಲು ಇಬ್ಬರಿಗೂ ಸಿಗುವುದು ಹೆಚ್ಚೆಂದರೆ 60 ದಿನ. ಅಲ್ಲಿ ಎಂದಿನವರೆಗೆ ಇರಬಹುದೆಂದು ಹೇಳುವ ದಾಖಲೆ ಐ-94 ಅದಕ್ಕೂ ಮೊದಲೇ ಮುಗಿದರೆ ಆ ದಿನದವರೆಗೆ ಮಾತ್ರ. ಹಾಗಾಗಿ ಮೊದಲು ಇಬ್ಬರ ಐ-94 ತೆಗೆದು ತಾರೀಖು ನೋಡಿ, ಪಾಸ್‌ಪೋರ್ಟಿನ ವೀಸಾ ಮುದ್ರೆಯನ್ನಲ್ಲ. ಎಣಿಕೆ ಸಾಮಾನ್ಯವಾಗಿ ಸಂಬಳದ ಕೊನೆಯ ದಿನದ ಮರುದಿನದಿಂದ ಶುರು. ಕೆಲಸದಿಂದ ತೆಗೆದಾಗ ಕಂಪನಿ ಕೊಡುವ ಪರಿಹಾರದ ಹಣ ಬರುತ್ತಿದೆ ಎಂದು ದಿನ ಹೆಚ್ಚುವುದಿಲ್ಲ. ನಾವು ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ 60ನೇ ದಿನಕ್ಕೆ ಕೆಂಪು ಸುತ್ತು ಹಾಕಿದೆವು, 40ನೇ ದಿನಕ್ಕೂ ಒಂದು: ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಬೇರೆ ದಾರಿ ಹಿಡಿಯಲೇಬೇಕು ಅಂತ.

ಆಫರ್ ಲೆಟರ್ ಕೈಗೆ ಬಂದರೆ ಸಾಲದು. ಹೊಸ ಕಂಪನಿ ನಿಮಗಾಗಿ ಹಾಕುವ ಎಚ್-1ಬಿ ಅರ್ಜಿ, ಅಂದರೆ ಐ-129, ಗಡುವಿನೊಳಗೆ ವಲಸೆ ಇಲಾಖೆಗೆ ತಲುಪಿರಬೇಕು. ಇದನ್ನು ಎಚ್‌ಆರ್‌ಗೆ ದಿನವೂ ನೆನಪಿಸಿ, ಸಂಕೋಚ ಬೇಡ. ಸಂಗಾತಿಗೆ ಸ್ವಂತ ಎಚ್-1ಬಿ ಇದ್ದರೆ ನೀವು ವೀಸಾ ಬಗೆ ಬದಲಿಸುವ ಐ-539 ಅರ್ಜಿ ಹಾಕಿ ಎಚ್-4ಗೆ ಬದಲಾಗಬಹುದು. ಪ್ರವಾಸಿಗಳ ಬಿ-2ಗೂ ಅದೇ ಅರ್ಜಿ, ಆದರೆ ಅದರಲ್ಲಿ ದುಡಿಯುವಂತಿಲ್ಲ. ಎಚ್-4 ಮೇಲೆ ಸಂಗಾತಿ ಕೆಲಸ ಮಾಡುತ್ತಿದ್ದರೆ ಮೊದಲ ವಾರವೇ ವಕೀಲರನ್ನು ಕಾಣಿ.

ಕಂಪನಿಯೇ ತೆಗೆದುಹಾಕಿದ್ದರೆ ಊರಿಗೆ ಮರಳುವ ಪ್ರಯಾಣದ ಖರ್ಚು ಕೇಳಿ ಪಡೆಯಿರಿ. ಅದು ಎಚ್-1ಬಿ ಇದ್ದವರಿಗೆ ಮಾತ್ರ, ಸಂಗಾತಿಯ ಟಿಕೆಟ್ ನಿಮ್ಮದೇ.